ಮನೆಯ ಒಳಚರಂಡಿ ಸಂಪರ್ಕದ ದೋಷಗಳು: ಲಕ್ಷಣ ನೋಡಿ ಕಾರಣ ಹಿಡಿಯುವ ಬಗೆ

ಬೆಂಗಳೂರಿನಲ್ಲಿ ಸ್ವಂತ ನಿವೇಶನದ ಮೇಲೆ ಕಟ್ಟಿದ ಒಂದೆರಡು ಅಂತಸ್ತಿನ ಮನೆಗಳನ್ನು ಗಮನದಲ್ಲಿಟ್ಟು ಈ ಕೈಪಿಡಿಯನ್ನು ಬರೆಯಲಾಗಿದೆ. ಇಂಥ ಮನೆಗಳಲ್ಲಿ ಕಮೋಡ್, ಬಚ್ಚಲು ಮತ್ತು ಅಡುಗೆಮನೆಯ ಸಿಂಕ್‌ನಿಂದ ಹೊರಟ ಕೊಳಚೆ ನೀರು ಟ್ರ್ಯಾಪ್‌ಗಳನ್ನು (ಸ್ವಲ್ಪ ನೀರನ್ನು ಹಿಡಿದಿಟ್ಟು ವಾಸನೆ ತಡೆಯುವ ಬಾಗಿದ ಭಾಗ) ದಾಟಿ, ಪಕ್ಕದ ಓಣಿಯ ಚೇಂಬರ್‌ಗಳ (ಪೈಪುಗಳು ಕೂಡುವ, ಮುಚ್ಚಳವಿರುವ ತಪಾಸಣೆ ಗುಂಡಿ) ಮೂಲಕ ಹರಿದು, ಗೇಟಿನ ಹತ್ತಿರದ ಕೊನೆಯ ಚೇಂಬರ್‌ಗೆ ಬಂದು, ಅಲ್ಲಿಂದ ರಸ್ತೆಯಡಿಯ ಮ್ಯಾನ್‌ಹೋಲ್ ಸೇರುತ್ತದೆ. ರಸ್ತೆಯ ಒಳಚರಂಡಿ 1964ರ ಕಾಯ್ದೆಯಡಿ ಸ್ಥಾಪಿತವಾದ ಜಲಮಂಡಳಿಗೆ ಸೇರಿದ್ದು. ಮಳೆನೀರಿನ ಚರಂಡಿ ಮತ್ತು ರಾಜಕಾಲುವೆಗಳು ನಗರ ಪಾಲಿಕೆಯ ಹೊಣೆ. ಈ ಎರಡನ್ನೂ ಒಂದೇ ಎಂದು ತಿಳಿದು ದೂರನ್ನು ತಪ್ಪು ಕಚೇರಿಗೆ ಕೊಟ್ಟು ಕಾಯುವವರು ಬಹಳ ಮಂದಿ.

ಯಾವ ಲಕ್ಷಣ ಕಂಡರೂ ಮೊದಲು ತೀರ್ಮಾನವಾಗಬೇಕಾದದ್ದು ದೋಷ ಕೊನೆಯ ಚೇಂಬರ್‌ನ ಒಳಬದಿಯಲ್ಲಿದೆಯೋ ಹೊರಬದಿಯಲ್ಲಿದೆಯೋ ಎಂಬುದು. ಅದು ತಿಳಿಯದೆ ಸ್ನಾನದಮನೆಯ ಟೈಲ್ಸ್ ಒಡೆಸುವುದಾಗಲಿ, ರಸ್ತೆ ಅಗೆಸಲು ಓಡಾಡುವುದಾಗಲಿ ವ್ಯರ್ಥ.

ಮುಚ್ಚಳ ತೆಗೆಯುವ ಮುನ್ನ

ಚೇಂಬರ್‌ನಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಸೇರಿಕೊಂಡಿರಬಹುದು. ಮೊದಲನೆಯದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಅದರ ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯೇ ಮಂಕಾಗುವುದರಿಂದ, ಕೊಳೆತ ಮೊಟ್ಟೆಯ ವಾಸನೆ ಇದ್ದಕ್ಕಿದ್ದಂತೆ ನಿಂತಿತೆಂದರೆ ಅಪಾಯ ಕಳೆಯಿತೆಂದು ತಿಳಿಯಬಾರದು. ಮೀಥೇನ್ ಬೆಂಕಿ ಹತ್ತಿಕೊಳ್ಳುವ ಅನಿಲ. ಮೇಣದಬತ್ತಿ ಇಳಿಸಿ ಗಾಳಿ ಪರೀಕ್ಷಿಸುವ ಹಳೆಯ ರೂಢಿಯನ್ನು ಬಿಟ್ಟುಬಿಡಬೇಕು, ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಮುಚ್ಚಳವನ್ನು ಪಕ್ಕಕ್ಕೆ ನಿಂತು ಸರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಮೇಲಿನಿಂದಲೇ ಟಾರ್ಚ್ ಹಾಕಿ ನೋಡಬೇಕು, ಮಕ್ಕಳನ್ನು ದೂರವಿಡಬೇಕು.

ಯಾರೂ ಒಳಗೆ ಇಳಿಯಕೂಡದು, ಯಾರನ್ನೂ ಇಳಿಸಕೂಡದು. ಹಣ ಕೊಟ್ಟು ಒಬ್ಬರನ್ನು ಮ್ಯಾನ್‌ಹೋಲ್‌ಗೋ ಮಲದ ಗುಂಡಿಗೋ ಇಳಿಸಿ ಅಪಾಯಕಾರಿಯಾಗಿ ಸ್ವಚ್ಛಗೊಳಿಸುವುದನ್ನು ಮಲ ಬಾಚುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಅಪರಾಧಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು, ಮತ್ತು ಈ ನಿಷೇಧ ಸಂಸ್ಥೆಗಳಿಗಷ್ಟೇ ಅಲ್ಲದೆ ಮನೆಯ ಯಜಮಾನರಿಗೂ ಅನ್ವಯಿಸುತ್ತದೆ. ಒಳಗೆ ಬಿದ್ದವರನ್ನು ಎತ್ತಲು ಇನ್ನೊಬ್ಬರು ಇಳಿದು ಇಬ್ಬರೂ ಸತ್ತ ಘಟನೆಗಳು ಹೊಸದಲ್ಲ. ಅಂಥ ಹೊತ್ತಿನಲ್ಲಿ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದವರನ್ನು ಕರೆಸಬೇಕು.

ಒಂದು ಕಡೆ ಮಾತ್ರ ನೀರು ನಿಧಾನವಾಗಿ ಇಳಿಯುತ್ತಿದೆ

ಸಿಂಕ್‌ನಲ್ಲಿ ಮಾತ್ರ ನೀರು ನಿಂತು, ಬಚ್ಚಲು ಮತ್ತು ಕಮೋಡ್ ಸರಿಯಾಗಿದ್ದರೆ, ದೋಷ ಆ ಸಿಂಕ್‌ನ ಟ್ರ್ಯಾಪ್‌ನಲ್ಲೋ ಅದರ ಕವಲು ಪೈಪಿನಲ್ಲೋ ಇದೆ. ಇದು ಅತಿ ಸಾಮಾನ್ಯವಾದ, ಅತಿ ಅಗ್ಗದ ದೋಷ. ಅಡುಗೆಮನೆಯ ಪೈಪಿನಲ್ಲಿ ಎಣ್ಣೆ ಜಿಡ್ಡು ಗಟ್ಟಿಯಾಗಿ, ಅದರ ಮೇಲೆ ಕಾಫಿಯ ಗಸಿ ಮತ್ತು ಮುದ್ದೆಯ ಪಾತ್ರೆ ತೊಳೆದ ಹಿಟ್ಟು ಅಂಟಿಕೊಳ್ಳುತ್ತದೆ. ಬಚ್ಚಲಿನ ನೆಲದ ಜಾಲರಿಯಡಿಯ ನಹಾನಿ ಟ್ರ್ಯಾಪ್‌ನಲ್ಲಿ ಕೂದಲು ಮತ್ತು ಸೋಪು ಸೇರುತ್ತವೆ. ಜಾಲರಿ ತೆಗೆದು, ಕೈಗವಸು ಹಾಕಿಕೊಂಡು, ಕೈಗೆ ಸಿಕ್ಕಿದ್ದನ್ನು ಎತ್ತಿ ಹಾಕಿ, ಸಿಂಕ್‌ನ ಅಡಿಯ ಬಾಟಲ್ ಟ್ರ್ಯಾಪ್ ಬಿಚ್ಚಿ ತೊಳೆದರೆ ಸಾಕಾಗುತ್ತದೆ. ಅದರಾಚೆ ರಬ್ಬರ್ ಪಂಪಿನಿಂದ ಒತ್ತಿ ನೋಡಬಹುದು.

ಪೈಪು ಬಿಡಿಸಲು ಆಸಿಡ್, ಕಾಸ್ಟಿಕ್ ಪುಡಿ ಸುರಿಯುವುದನ್ನು ಪ್ರೋತ್ಸಾಹಿಸಲಾರೆ. ಪೂರ್ತಿ ಕಟ್ಟಿಕೊಂಡ ಪೈಪಿನಲ್ಲಿ ಅದು ಕಟ್ಟಿನ ಮೇಲೆ ನಿಂತಿರುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ, ನಂತರ ಪೈಪು ಬಿಚ್ಚುವ ಪ್ಲಂಬರ್‌ನ ಕೈ, ಕಣ್ಣು ಸುಡುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಒಂದಕ್ಕೊಂದು ಬೆರೆತರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಾಂತಕ. ಈಗಾಗಲೇ ಏನಾದರೂ ಸುರಿದಿದ್ದರೆ ಕೆಲಸಕ್ಕೆ ಬಂದವರಿಗೆ ಮೊದಲೇ ಹೇಳಬೇಕು.

ಹೊಸದಾಗಿ ಟೈಲ್ಸ್ ಹಾಕಿಸಿದ ಮನೆಯಲ್ಲಿ ಈ ಲಕ್ಷಣ ಕಂಡರೆ ಅನುಮಾನ ಬೇರೆಯದಿರಬೇಕು. ಸಿಮೆಂಟ್ ಹಾಲನ್ನು ನಹಾನಿ ಟ್ರ್ಯಾಪ್‌ಗೆ ತೊಳೆದುಬಿಡುವುದು ಕೆಲಸಗಾರರಲ್ಲಿ ಸಾಮಾನ್ಯ. ಅದು ಒಳಗೆ ಕಲ್ಲಾಗಿದ್ದರೆ ಯಾವ ರಾಡೂ ಬಿಡಿಸದು, ಆ ತುಂಡನ್ನು ಬದಲಿಸಲೇಬೇಕಾಗುತ್ತದೆ.

ಮನೆಯಲ್ಲೆಲ್ಲ ನೀರು ಕಟ್ಟುತ್ತಿದೆ, ಕೆಳಗಿನ ಬಚ್ಚಲಿನಲ್ಲಿ ಮೇಲೇಳುತ್ತಿದೆ

ಮೇಲಿನ ಮಹಡಿಯಲ್ಲಿ ಫ್ಲಷ್ ಮಾಡಿದಾಗ ನೆಲಮಹಡಿಯ ಬಚ್ಚಲಿನಲ್ಲಿ ನೀರು ಉಕ್ಕಿದರೆ ಕವಲು ಪೈಪುಗಳನ್ನು ದೂರುವುದರಲ್ಲಿ ಅರ್ಥವಿಲ್ಲ. ಎಲ್ಲ ನೀರು ಸೇರುವ ಮುಖ್ಯ ಪೈಪಿನಲ್ಲಿ ತಡೆಯಿದೆ. ಮನೆಯವರೆಲ್ಲ ನೀರು ಬಳಸುವುದನ್ನು ತಕ್ಷಣ ನಿಲ್ಲಿಸಬೇಕು, ವಾಷಿಂಗ್ ಮಷಿನ್ ಓಡುತ್ತಿದ್ದರೆ ಅದನ್ನೂ. ಅನಂತರ ಕೊನೆಯ ಚೇಂಬರ್ ನೋಡಬೇಕು.

ಕೊನೆಯ ಚೇಂಬರ್ ಒಣಗಿದ್ದು ಅದರ ಹಿಂದಿನದು ತುಂಬಿದ್ದರೆ, ತಡೆ ಆ ಎರಡರ ನಡುವೆ ಇದೆ. ಹೀಗೆ ಒಂದೊಂದೇ ಹಿಂದಕ್ಕೆ ಹೋದರೆ, ತುಂಬಿದ ಚೇಂಬರ್ ಮತ್ತು ಒಣ ಚೇಂಬರ್‌ಗಳ ನಡುವಿನ ತುಂಡು ತಾನಾಗಿ ಗೊತ್ತಾಗುತ್ತದೆ. ಅಲ್ಲಿ ಬಿದಿರಿನ ದಬ್ಬೆಯನ್ನೋ ತಿರುಪಿನ ರಾಡನ್ನೋ ಕೆಳಗಿನ, ಅಂದರೆ ಒಣಗಿರುವ ಚೇಂಬರ್‌ನಿಂದ ಮೇಲಕ್ಕೆ ತೂರಿಸುವುದು ಉತ್ತಮ. ಮೇಲಿನಿಂದ ಒತ್ತಿದರೆ ಕಸ ಇನ್ನಷ್ಟು ಬಿಗಿಯಾಗುವ ಸಂಭವವುಂಟು. ಬಿಡಿಸಿಕೊಂಡ ನೀರು ರಭಸದಿಂದ ಬರುವುದರಿಂದ ಚೇಂಬರ್‌ನ ಮೇಲೆ ಬಾಗಿ ನಿಲ್ಲಬಾರದು. ಹೊರಬಂದ ಕಸವನ್ನು ಜಾಲರಿಯಿಂದ ಹಿಡಿದು ಎತ್ತಬೇಕು, ಇಲ್ಲದಿದ್ದರೆ ಅದೇ ಮುದ್ದೆ ಮುಂದಿನ ತುಂಡಿನಲ್ಲಿ ಕೂರುತ್ತದೆ. ಹೊರಬರುವುದು ಹೆಚ್ಚಾಗಿ ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್, ಒದ್ದೆ ಟಿಶ್ಯೂ ಮತ್ತು ನೆಲ ಒರೆಸುವ ಬಟ್ಟೆ.

ಕೊನೆಯ ಚೇಂಬರ್ ಸಹ ಪೂರ್ತಿ ತುಂಬಿ ನಿಂತಿದ್ದರೆ ತಡೆ ಅದರಾಚೆಗಿದೆ. ಆಗ ಅಕ್ಕಪಕ್ಕದ ಮನೆಯವರನ್ನು ವಿಚಾರಿಸಬೇಕು: ಅವರಲ್ಲೂ ಇದೇ ಪಾಡಾಗಿದ್ದು ರಸ್ತೆಯ ಮ್ಯಾನ್‌ಹೋಲ್ ಮುಚ್ಚಳದ ಅಂಚಿನಲ್ಲಿ ನೀರು ಜಿನುಗುತ್ತಿದ್ದರೆ ಜಲಮಂಡಳಿಯ ಪೈಪೇ ಕಟ್ಟಿಕೊಂಡಿದೆ, ನಮ್ಮಲ್ಲಿ ಮಾತ್ರ ಇದ್ದರೆ ಕೊನೆಯ ಚೇಂಬರ್‌ನಿಂದ ಮ್ಯಾನ್‌ಹೋಲ್‌ವರೆಗಿನ ನಮ್ಮ ಸಂಪರ್ಕ ಪೈಪಿನಲ್ಲಿ ದೋಷವಿದೆ. ಎರಡೂ ಸಂದರ್ಭದಲ್ಲಿ ಮನೆಯವರ ಕೆಲಸ ಇಲ್ಲಿಗೆ ನಿಲ್ಲಬೇಕು. ಜಲಮಂಡಳಿಯ 1916 ಸಂಖ್ಯೆಗೆ ಕರೆ ಮಾಡಿ, ಎಷ್ಟು ಮನೆಗಳಲ್ಲಿ ಹೀಗಾಗಿದೆ, ಯಾವ ಮ್ಯಾನ್‌ಹೋಲ್ ಉಕ್ಕುತ್ತಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಿ, ದೂರಿನ ಸಂಖ್ಯೆ ಪಡೆದುಕೊಂಡರೆ ರಭಸದ ನೀರಿನಿಂದ ಪೈಪು ಬಿಡಿಸುವ ಜೆಟ್ಟಿಂಗ್ ಯಂತ್ರ ಕಳುಹಿಸಲು ಅವರಿಗೂ ಅನುಕೂಲ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳವನ್ನು ತಾವೇ ಎಬ್ಬಿಸಬಾರದು; ತೆರೆದಿಟ್ಟ ಮ್ಯಾನ್‌ಹೋಲ್ ರಾತ್ರಿ ಓಡಾಡುವವರಿಗೆ ಬಾಯ್ತೆರೆದ ಬಾವಿ.

ಮಳೆ ಬಂದಾಗ ಮಾತ್ರ ಉಕ್ಕುತ್ತದೆ

ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲದೆ, ಜೋರು ಮಳೆ ಬಿದ್ದ ಅರ್ಧ ಗಂಟೆಯಲ್ಲಿ ಕಮೋಡ್ ಉಕ್ಕುವ ಮನೆಗಳು ತಗ್ಗಿನ ಬಡಾವಣೆಗಳಲ್ಲಿ ಸಾಕಷ್ಟಿವೆ. ಕಾರಣ ಸರಳ: ಕೊಳಚೆ ನೀರಿಗಾಗಿ ಅಳೆದು ಹಾಕಿದ ಪೈಪಿಗೆ ಮಳೆನೀರು ಸೇರುತ್ತಿದೆ. ಬೆಂಗಳೂರಿನ ನೀರು ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳತ್ತ ಇಳಿಯುತ್ತದೆ, ದೊಡ್ಡ ಒಳಚರಂಡಿ ಪೈಪುಗಳೂ ಅದೇ ಕಣಿವೆಗಳ ಗುಂಟ ಹೋಗಿವೆ. ಆದ್ದರಿಂದ ಏರಿನಲ್ಲಿರುವ ನೂರಾರು ಮನೆಯವರು ತಾರಸಿ ನೀರನ್ನು ಚೇಂಬರ್‌ಗೆ ಬಿಟ್ಟ ಫಲವನ್ನು ತಗ್ಗಿನ ಮನೆಯವರು ಉಣ್ಣುತ್ತಾರೆ.

ಮೊದಲ ಪರೀಕ್ಷೆ ನಮ್ಮ ಮನೆಯಲ್ಲೇ ಆಗಬೇಕು. ಬಕೆಟ್ ನೀರಿಗೆ ಬಣ್ಣ ಕಲಸಿ ತಾರಸಿಯ ಮಳೆನೀರಿನ ಕೊಳವೆಗೆ ಸುರಿದು, ಇನ್ನೊಬ್ಬರು ಕೊನೆಯ ಚೇಂಬರ್ ನೋಡುತ್ತಿರಬೇಕು. ಅಲ್ಲಿ ಬಣ್ಣ ಕಂಡರೆ ಆ ಕೊಳವೆ ತಪ್ಪು ಕಡೆ ಸೇರಿದೆ. ಅಂಗಳದ ನೀರಿಗೂ ಹೀಗೆಯೇ ನೋಡಬೇಕು. ತಾರಸಿಯ ನೀರನ್ನು ಒಳಚರಂಡಿಗೆ ಬಿಡುವುದು ನಿಯಮಬಾಹಿರ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದಾಗ 30×40 ಅಡಿ ನಿವೇಶನದ ಹೊಸ ಮನೆಗಳಿಗೆ ಮತ್ತು 40×60 ಅಡಿಯ ಹಳೆಯ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಕೊಳವೆಯನ್ನು ಸಂಗ್ರಹ ತೊಟ್ಟಿಗೋ ಇಂಗುಗುಂಡಿಗೋ ತಿರುಗಿಸಿ, ಹೆಚ್ಚಾದದ್ದನ್ನು ರಸ್ತೆಬದಿಯ ಮಳೆನೀರಿನ ಚರಂಡಿಗೆ ಬಿಡಬೇಕು.

ನಮ್ಮ ಮನೆ ಸರಿಯಾಗಿದ್ದೂ ಉಕ್ಕುತ್ತಿದ್ದರೆ ಮಟ್ಟವನ್ನು ನೋಡಬೇಕು. ರಸ್ತೆಯ ಪೈಪು ತುಂಬಿದಾಗ ನೀರು ತನಗೆ ಸಿಕ್ಕ ಅತಿ ತಗ್ಗಿನ ಬಾಯಿಂದ ಹೊರಬರುತ್ತದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿರುವ ಕಡೆ ಮ್ಯಾನ್‌ಹೋಲ್ ಮುಚ್ಚಳ ಬಚ್ಚಲಿನ ನೆಲಕ್ಕಿಂತ ಮೇಲಿರುತ್ತದೆ, ಹೀಗಾಗಿ ರಸ್ತೆಯಲ್ಲಿ ಒಂದು ಹನಿಯೂ ಕಾಣುವ ಮೊದಲೇ ಬಚ್ಚಲು ತುಂಬುತ್ತದೆ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡೂ ಕಡೆಯ ಮಟ್ಟ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಪರಿಹಾರ ಎರಡು ಬಗೆ. ಅಂಗಳದ ಗಲ್ಲಿ ಟ್ರ್ಯಾಪ್‌ನ (ಬಚ್ಚಲು, ಸಿಂಕ್‌ಗಳ ನೀರು ಚೇಂಬರ್‌ಗೆ ಹೋಗುವ ಮುನ್ನ ಬೀಳುವ ಟ್ರ್ಯಾಪ್) ಬಾಯಿ ಮನೆಯೊಳಗಿನ ನೆಲಕ್ಕಿಂತ ತಗ್ಗಿನಲ್ಲಿದ್ದರೆ ಉಕ್ಕುವ ನೀರು ಅಂಗಳದಲ್ಲೇ ಹೊರಬಿದ್ದು ಮನೆ ಉಳಿಯುತ್ತದೆ. ಇದಕ್ಕೆ ಯಂತ್ರ ಬೇಡ, ನಿರ್ವಹಣೆಯೂ ಅಷ್ಟಿಲ್ಲ. ಎರಡನೆಯದು ಕೊನೆಯ ಚೇಂಬರ್‌ನಲ್ಲಿ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಕೂರಿಸುವುದು. ಆದರೆ ಅದರ ರೆಕ್ಕೆಗೆ ಒಂದು ಚಿಂದಿ ಸಿಕ್ಕಿಕೊಂಡರೂ ಮುಚ್ಚಿಕೊಳ್ಳದು, ಹಾಗಾಗಿ ಪ್ರತಿ ಮಳೆಗಾಲಕ್ಕೆ ಮುನ್ನ ತೊಳೆಯಬೇಕು. ಜೊತೆಗೆ ಅದು ಮುಚ್ಚಿಕೊಂಡಿರುವಷ್ಟು ಹೊತ್ತು ನಮ್ಮ ನೀರಿಗೂ ದಾರಿಯಿಲ್ಲ ಎಂಬುದನ್ನು ಮಾರುವವರು ಹೇಳುವುದು ಅಪರೂಪ. ವಾಲ್ವ್ ಹಾಕಿಸಿಕೊಂಡು ಮಳೆಯ ನಡುವೆ ಸ್ನಾನ ಮಾಡಿದರೆ ಬಚ್ಚಲು ನಮ್ಮದೇ ನೀರಿನಿಂದ ತುಂಬುತ್ತದೆ.

ರಸ್ತೆ ಮಟ್ಟಕ್ಕಿಂತ ಕೆಳಗಿನ ನೆಲಮಾಳಿಗೆಯಲ್ಲಿ ಶೌಚಾಲಯವಿದ್ದರೆ ಅದನ್ನು ನೇರವಾಗಿ ಸಂಪರ್ಕಿಸುವ ಆಸೆ ಬಿಡಬೇಕು. ಅದರ ನೀರನ್ನು ತೊಟ್ಟಿಯಲ್ಲಿ ಹಿಡಿದು ಪಂಪಿನಿಂದ ಮೇಲೆತ್ತಿಯೇ ಚೇಂಬರ್‌ಗೆ ಬಿಡಬೇಕು.

ದುರ್ವಾಸನೆ, ಜಿರಳೆ, ಗುಳುಗುಳು ಸದ್ದು

ನೀರು ಸರಿಯಾಗಿ ಹೋಗುತ್ತಿದ್ದೂ ವಾಸನೆ ಬರುತ್ತಿದ್ದರೆ ಟ್ರ್ಯಾಪ್‌ನಲ್ಲಿ ನಿಂತಿರಬೇಕಾದ ನೀರಿನ ತಡೆ ಹೋಗಿದೆ. ಕನಿಷ್ಠ 50 ಮಿಲಿಮೀಟರ್ ಆಳದ ಈ ನೀರೇ ಅನಿಲವನ್ನೂ ಜಿರಳೆಯನ್ನೂ ತಡೆಯುವುದು. ಅತಿಥಿಗಳ ಬಚ್ಚಲಿನಂತೆ ಬಹಳ ದಿನ ಬಳಸದ ಕಡೆ ಅದು ಆವಿಯಾಗಿ ಹೋಗಿರುತ್ತದೆ; ಒಂದು ಚೊಂಬು ನೀರು ಹಾಕಿದರೆ ಮುಗಿಯಿತು.

ನೀರು ಹಾಕಿದ ಮೇಲೂ ವಾಸನೆ ಮರಳಿದರೆ ಮತ್ತು ಕಮೋಡ್ ಫ್ಲಷ್ ಮಾಡಿದಾಗ ಪಕ್ಕದ ಟ್ರ್ಯಾಪ್ ಗುಳುಗುಟ್ಟಿದರೆ, ಪೈಪಿಗೆ ಗಾಳಿ ಸಿಗುತ್ತಿಲ್ಲ. ಕೆಳಗಿಳಿಯುವ ನೀರು ತನ್ನ ಹಿಂದೆ ಗಾಳಿಯನ್ನು ಎಳೆಯುತ್ತದೆ. ತಾರಸಿಯ ಮೇಲೆ ತೆರೆದಿರುವ ವೆಂಟ್ ಪೈಪಿನಿಂದ ಅದು ದೊರೆಯದಿದ್ದರೆ ಹತ್ತಿರದ ಟ್ರ್ಯಾಪ್‌ನ ನೀರನ್ನೇ ಹೀರಿಬಿಡುತ್ತದೆ. ತಾರಸಿಗೆ ಹೋಗಿ ವೆಂಟ್ ಪೈಪಿನ ತುದಿ ನೋಡಬೇಕು. ಅದರ ಟೊಪ್ಪಿಯಾದ ಕೌಲ್‌ನಲ್ಲಿ ಹಕ್ಕಿ ಗೂಡು ಕಟ್ಟಿರಬಹುದು. ಇನ್ನೊಂದು ಅಂತಸ್ತು ಎಬ್ಬಿಸುವಾಗ ವೆಂಟ್ ಪೈಪನ್ನು ಕತ್ತರಿಸಿ ಮುಚ್ಚಿರುವುದೂ ಉಂಟು, ಅಥವಾ ಅದರ ತುದಿ ಈಗ ಹೊಸ ಮಲಗುವ ಕೋಣೆಯ ಕಿಟಕಿಯ ಪಕ್ಕದಲ್ಲಿರಬಹುದು. ವೆಂಟ್ ಪೈಪು ಎಲ್ಲ ಕಿಟಕಿಗಳಿಗಿಂತ ಮೇಲೆ, ಬಯಲಿಗೆ ತೆರೆದಿರಬೇಕು.

ಬಿಡಿಸಿದ ಪೈಪು ಮತ್ತೆ ಅದೇ ಜಾಗದಲ್ಲಿ ಕಟ್ಟುತ್ತದೆ

ರಾಡ್ ಹಾಕಿದ ಕೆಲವೇ ವಾರಗಳಲ್ಲಿ ಅದೇ ತುಂಡು ಮತ್ತೆ ಕಟ್ಟಿದರೆ ಕಸವನ್ನು ದೂರುವುದು ಬಿಟ್ಟು ಪೈಪು ಹಾಕಿದ ರೀತಿಯನ್ನು ಅನುಮಾನಿಸಬೇಕು. ಗಾರೆಯವರು ವಾಟ ಎನ್ನುವ ಇಳಿಜಾರು ಕಡಿಮೆಯಾದರೆ ನೀರು ಮುಂದೆ ಹೋಗಿ ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ನಾಲ್ಕು ಇಂಚಿನ ಪೈಪಿಗೆ 40ಕ್ಕೆ 1, ಆರು ಇಂಚಿನದಕ್ಕೆ 60ಕ್ಕೆ 1 ಎಂಬುದು ಹಳೆಯ, ನಂಬಬಹುದಾದ ಲೆಕ್ಕ: ಹತ್ತು ಅಡಿ ಉದ್ದಕ್ಕೆ ಮೊದಲನೆಯದು ಮೂರು ಇಂಚು, ಎರಡನೆಯದು ಎರಡು ಇಂಚು ಇಳಿಯಬೇಕು. 40 ಅಡಿ ಉದ್ದದ ನಿವೇಶನದ ಹಿಂದಿನ ಮೂಲೆಯಿಂದ ಗೇಟಿಗೆ ನಾಲ್ಕು ಇಂಚಿನ ಪೈಪು ತರಲು ಒಂದು ಅಡಿ ಇಳಿತ ಬೇಕಾದರೆ, ಆರು ಇಂಚಿನ ಪೈಪಿಗೆ ಎಂಟು ಇಂಚು ಸಾಕು. ರಸ್ತೆಯ ಮ್ಯಾನ್‌ಹೋಲ್ ಆಳವಿಲ್ಲದ ಕಡೆ ಈ ನಾಲ್ಕು ಇಂಚಿನ ವ್ಯತ್ಯಾಸವೇ ನಿರ್ಣಾಯಕ.

ಎರಡು ಚೇಂಬರ್‌ಗಳ ನಡುವೆ ದಾರ ಬಿಗಿದು, ರಸಮಟ್ಟ ಹಿಡಿದು, ಪ್ರತಿ ಬದಿಯಲ್ಲಿ ದಾರದಿಂದ ಪೈಪಿನ ತಳಕ್ಕಿರುವ ಆಳ ಅಳೆದರೆ ವಾಟ ತಿಳಿಯುತ್ತದೆ. ಆದರೆ ನಡುವೆ ಪೈಪು ಕುಸಿದಿದ್ದರೆ ಈ ಅಳತೆಗೆ ಅದು ಸಿಗದು. ಅದಕ್ಕೆ ಒಂದು ಚೇಂಬರ್‌ನಲ್ಲಿ ಪೈಪಿನ ಬಾಯಿಗೆ ಟಾರ್ಚ್ ಹಿಡಿದು, ಇನ್ನೊಂದರಲ್ಲಿ ಕೋಲಿಗೆ ಕಟ್ಟಿದ ಕನ್ನಡಿಯನ್ನು ಓರೆಯಾಗಿ ಇಳಿಸಿ, ಮೇಲೆ ನಿಂತೇ ನೋಡಬೇಕು. ಬೆಳಕು ಪೂರ್ಣ ವೃತ್ತವಾಗಿ ಕಂಡರೆ ಪೈಪು ನೇರವಾಗಿದೆ. ಕೆಳ ಅರ್ಧ ಕಾಣದಿದ್ದರೆ ಅಲ್ಲಿ ನೀರು ನಿಂತಿದೆ. ಎಳೆ ಎಳೆಯಾಗಿ ನೆರಳು ಇಳಿಬಿದ್ದಿದ್ದರೆ ಬೇರು. ಹಳೆಯ ಬಡಾವಣೆಗಳ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪುಗಳು ಗಿಡ್ಡ ತುಂಡುಗಳಾದ್ದರಿಂದ ಜೋಡಣೆಗಳು ಹೆಚ್ಚು, ಸಿಮೆಂಟ್ ಬಿರುಕಿನಲ್ಲಿ ಮರದ ಬೇರು ನುಸುಳುತ್ತದೆ. ಬೇರು ಕತ್ತರಿಸುವುದು ತಾತ್ಕಾಲಿಕ ಉಪಾಯ. ಆ ತುಂಡನ್ನು ಗಟ್ಟಿ ಪ್ಲಾಸ್ಟಿಕ್‌ನ ಯುಪಿವಿಸಿ ಪೈಪಿಗೆ ಬದಲಿಸುವುದೇ ಸರಿ.

ಚೇಂಬರ್‌ನ ತಳವನ್ನೂ ನೋಡಬೇಕು. ಪೈಪಿನಿಂದ ಪೈಪಿಗೆ ಅರ್ಧ ಕೊಳವೆಯಾಕಾರದ ಕಾಲುವೆ ಇರಬೇಕಾದಲ್ಲಿ ಸಪಾಟು ನೆಲವಿದ್ದರೆ ಮಲ ಮೂಲೆಯಲ್ಲಿ ಕೂರುತ್ತದೆ. ಪಕ್ಕದಿಂದ ಬರುವ ಪೈಪು ಹರಿವಿನ ದಿಕ್ಕಿಗೆ ಓರೆಯಾಗಿ ಸೇರಬೇಕು. ಎದುರಿನಿಂದಲೋ ನೆಟ್ಟಗೆ ಅಡ್ಡಲಾಗಿಯೋ ಸೇರಿಸಿದ ಕಡೆ ಕಟ್ಟುವುದು ಖಚಿತ. ಪೈಪು ತಿರುಗುವ ಕಡೆ ಚೇಂಬರ್ ಇಲ್ಲದೆ ಬೆಂಡ್ ಹಾಕಿ ಮೇಲೆ ಗ್ರಾನೈಟ್ ಹಾಸಿದ್ದರೆ, ಅದನ್ನು ಒಡೆಯುವ ಖರ್ಚನ್ನು ಇಂದಲ್ಲ ನಾಳೆ ಭರಿಸಲೇಬೇಕು.

ಅಂಗಳ ಸದಾ ತೇವ, ನೆಲ ಕುಸಿತ, ಸಂಪ್ ನೀರಿನಲ್ಲಿ ವಾಸನೆ

ಈ ಮೂರರಲ್ಲಿ ಕೊನೆಯದು ಕಂಡರೆ ಬೇರೆಲ್ಲ ಬಿಟ್ಟು ಅದನ್ನೇ ನೋಡಬೇಕು. ಸಂಪ್ ನೀರು ಮಬ್ಬಾಗಿ, ನೊರೆಗಟ್ಟಿ, ವಾಸನೆ ಹೊಡೆದರೆ ಅಥವಾ ಮನೆಯಲ್ಲಿ ಹಲವರಿಗೆ ಒಟ್ಟಿಗೆ ವಾಂತಿ, ಭೇದಿ ಆದರೆ ಆ ನೀರನ್ನು ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ಬಳಸಬಾರದು. ಮೇಲಿನ ಟ್ಯಾಂಕಿಗೆ ಪಂಪ್ ಮಾಡುವುದನ್ನು ನಿಲ್ಲಿಸಿ, ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು, ರೋಗಿಗಳನ್ನು ವೈದ್ಯರಿಗೆ ತೋರಿಸಬೇಕು. ನೇರವಾಗಿ ಬರುವ ಕಾವೇರಿ ನಲ್ಲಿಯ ನೀರಿನಲ್ಲೂ ವಾಸನೆಯಿದ್ದರೆ ಅದು ರಸ್ತೆಯ ಪೈಪಿನ ದೋಷ. ಜಲಮಂಡಳಿಗೆ ಆ ಕೂಡಲೇ ತಿಳಿಸಬೇಕು, ಏಕೆಂದರೆ ಬೀದಿಯೇ ಅದನ್ನು ಕುಡಿಯುತ್ತಿರುತ್ತದೆ.

ನಲ್ಲಿ ನೀರು ಚೆನ್ನಾಗಿದ್ದು ಸಂಪ್ ಮಾತ್ರ ಕೆಟ್ಟಿದ್ದರೆ, ಸಂಪ್ ಗೋಡೆಯ ಬಿರುಕು ಮತ್ತು ಪಕ್ಕದ ಚೇಂಬರ್‌ನ ಸೋರಿಕೆ ಎರಡೂ ಸೇರಿವೆ. ಕೊಳಚೆ ಪೈಪಿಗೂ ಕುಡಿಯುವ ನೀರಿನ ಪೈಪಿಗೂ 3 ಮೀಟರ್ ಅಂತರವಿರಬೇಕು, ಒಂದನ್ನೊಂದು ದಾಟಬೇಕಾದರೆ ನೀರಿನ ಪೈಪು ಅರ್ಧ ಮೀಟರ್ ಮೇಲಿರಬೇಕು ಎಂಬುದು ರೂಢಿಯ ಮಾನದಂಡ. 30 ಅಡಿ ಅಗಲದ ನಿವೇಶನದಲ್ಲೂ ಸಂಪ್ ಒಂದು ಮೂಲೆಗೆ, ಚೇಂಬರ್ ಎದುರು ಮೂಲೆಗೆ ಹೋದರೆ ಇದು ಸಾಧ್ಯ. ಸಂಪ್ ಈಶಾನ್ಯದಲ್ಲೇ ಬರಬೇಕೆಂದು ಹಠ ಹಿಡಿಯುವವರು ಕೊನೆಯ ಚೇಂಬರ್ ಎಲ್ಲಿ ಬರುತ್ತದೆಂದು ಕೇಳಿದ್ದು ಕಡಿಮೆ.

ಸೋರಿಕೆ ಹಿಡಿಯಲು ಬಣ್ಣದ ನೀರಿನ ಪರೀಕ್ಷೆಯನ್ನು ಇಲ್ಲಿ ನೆಚ್ಚಿಕೊಳ್ಳಬಾರದು, ಮಣ್ಣು ಬಣ್ಣವನ್ನು ಹೀರಿಕೊಳ್ಳಬಹುದು. ಬದಲಿಗೆ, ಕೆಳಗಿನ ಚೇಂಬರ್‌ಗೆ ಬರುವ ಪೈಪಿನ ಬಾಯಿಗೆ ಬಿರಡೆ ಹಾಕಿ, ಮೇಲಿನ ಚೇಂಬರ್‌ಗೆ ನೀರು ತುಂಬಿ, ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ ಅರ್ಧ ಗಂಟೆ ಬಿಡಬೇಕು. ಮಟ್ಟ ಇಳಿದರೆ ಆ ತುಂಡೋ ಆ ಚೇಂಬರ್‌ನ ಗೋಡೆಯೋ ಸೋರುತ್ತಿದೆ. ಸಂಪ್ ತುಂಬಿಸಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಅಳೆದರೆ ಅದರ ಬಿರುಕೂ ಬಯಲಾಗುತ್ತದೆ.

ಅಂಗಳದ ಕಲ್ಲು ಕುಸಿದಿದ್ದರೆ ಅಡಿಯ ಮಣ್ಣನ್ನು ಸೋರುವ ನೀರು ಕೊಚ್ಚಿಕೊಂಡು ಹೋಗಿದೆ. ಅದರ ಮೇಲೆ ವಾಹನ ನಿಲ್ಲಿಸಬಾರದು. ಗೋಡೆಯಲ್ಲಿ ಓರೆ ಬಿರುಕು ಕಂಡರೆ ಪ್ಲಂಬರ್‌ಗಿಂತ ಮೊದಲು ಎಂಜಿನಿಯರ್ ಬರಬೇಕು.

ಮನೆಯಲ್ಲಿ ತೊಂದರೆಯಿಲ್ಲ, ಎದುರಿನ ಚರಂಡಿ ನಾರುತ್ತದೆ

ಕಮೋಡ್‌ಗೆ ಬಣ್ಣದ ನೀರು ಹಾಕಿದಾಗ ಅದು ರಸ್ತೆಬದಿಯ ಮೋರಿಯಲ್ಲಿ ಕಂಡರೆ, ಮನೆಗೆ ಒಳಚರಂಡಿ ಸಂಪರ್ಕವೇ ಇಲ್ಲ, ಅಥವಾ ಯಾರೋ ಪೈಪು ಕಟ್ಟಿಕೊಂಡಾಗ ಅಡ್ಡದಾರಿ ಮಾಡಿದ್ದಾರೆ. ನೀರಿನ ಬಿಲ್‌ನಲ್ಲಿ ಒಳಚರಂಡಿ ಶುಲ್ಕ ಬರುತ್ತಿರುವುದು ಪೈಪು ನಿಜವಾಗಿ ಜೋಡಿಸಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಪಾಲಿಕೆಗೆ ತಡವಾಗಿ ಸೇರಿದ 110 ಹಳ್ಳಿಗಳ ಪ್ರದೇಶದಲ್ಲಿ ಇದನ್ನು ಪರೀಕ್ಷಿಸದೆ ಮನೆ ಕೊಳ್ಳಬಾರದು. ರಸ್ತೆಯಲ್ಲಿ ಪೈಪು ಇನ್ನೂ ಬಂದಿಲ್ಲದಿದ್ದರೆ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿಯೇ ಗತಿ, ಮೋರಿಯಲ್ಲ.

ಹೊಸ ಸಂಪರ್ಕ ಅಥವಾ ಬದಲಾವಣೆ ಬೇಕಾದಾಗ

ಕೊನೆಯ ಚೇಂಬರ್‌ನಿಂದಾಚೆ ಅಗೆಯಲು ಜಲಮಂಡಳಿಯ ಮಂಜೂರಾತಿ ಬೇಕು, ರಸ್ತೆ ಕತ್ತರಿಸಲು ಪಾಲಿಕೆಯ ಅನುಮತಿ ಬೇಕು, ಕೆಲಸವನ್ನು ಮಂಡಳಿಯ ಪರವಾನಗಿ ಹೊಂದಿದ ಪ್ಲಂಬರ್ ಮಾಡಬೇಕು. ಅನುಮತಿಯಿಲ್ಲದೆ ರಾತ್ರೋರಾತ್ರಿ ಅಗೆದು ಮ್ಯಾನ್‌ಹೋಲ್ ಗೋಡೆಗೆ ತೂತು ಹೊಡೆದು ಪೈಪು ತೂರಿಸಿದರೆ, ಆ ತೂತಿನ ಸುತ್ತ ಮಣ್ಣು ಒಳಗೆ ಸುರಿದು ಇಡೀ ಬೀದಿಯ ಪೈಪು ಕಟ್ಟುತ್ತದೆ. ಮನೆಯ ಪೈಪು ಮ್ಯಾನ್‌ಹೋಲ್‌ನ ಹರಿವಿನ ಮಟ್ಟಕ್ಕಿಂತ ಮೇಲೆ ಸೇರಬೇಕು. ಬಹಳ ಎತ್ತರದಿಂದ ಬೀಳುವಂತಿದ್ದರೆ ಹೊರಗಡೆ ಲಂಬ ಪೈಪು ಇಳಿಸಿ ತಳದಲ್ಲಿ ಸೇರಿಸಬೇಕು.

ಮಣ್ಣು ಮುಚ್ಚುವ ಮುನ್ನ ಕನ್ನಡಿ ಪರೀಕ್ಷೆ ಮತ್ತು ನೀರು ನಿಲ್ಲಿಸುವ ಪರೀಕ್ಷೆ ಎರಡನ್ನೂ ಯಜಮಾನರು ಎದುರಿಗೆ ನಿಂತು ಮಾಡಿಸಬೇಕು. ನಂತರ ಪ್ರತಿ ಚೇಂಬರ್ ಕಾಂಪೌಂಡ್ ಗೋಡೆಯಿಂದ ಎಷ್ಟು ಅಡಿ ದೂರ, ಎಷ್ಟು ಆಳ, ಪೈಪು ಎಲ್ಲಿ ತಿರುಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ತೆರೆದ ಕಾಲುವೆಯ ಫೋಟೋಗಳೊಂದಿಗೆ ಮನೆಯ ಪತ್ರಗಳ ಕಡತದಲ್ಲಿ ಇಡಬೇಕು.